ಎಲೆಯೂ ತಾನಾಗಿ ಅಲ್ಲಾಡದ ಲೋಕ: ಕಿರು ಅನಿಮೇಷನ್ ನೋಡುವ ಪಾಠ

ಈ ಸಂಚಿಕೆಯ ಪಾಠ ಯಾವ ಸೆಮಿಸ್ಟರಿನ ಸಿಲೆಬಸ್ಸಿನಲ್ಲೂ ಇಲ್ಲ. ಇಂಟರ್ನಲ್ಸ್‌ಗೆ ಬರುವುದಿಲ್ಲ, ವೈವಾದಲ್ಲಿ ಯಾರೂ ಕೇಳುವುದಿಲ್ಲ. ಆದರೂ ದಿನಕ್ಕೆ ಹತ್ತಾರು ಸಲ ನಮ್ಮ ಫೋನಿನ ಪರದೆಯಲ್ಲಿ ಹಾದುಹೋಗುವ ವಿಷಯ ಇದು: ಕಿರು ಅನಿಮೇಷನ್ ಮತ್ತು ಮೋಷನ್ ಗ್ರಾಫಿಕ್ಸ್. ಹಣ ಕಳಿಸುವ ಆ್ಯಪ್‌ನಲ್ಲಿ ಒಂದು ಹಸಿರು ಟಿಕ್ ಪುಟಿದು ನಿಲ್ಲುತ್ತದೆ. ಕ್ರಿಕೆಟ್ ನೋಡುವಾಗ ಸ್ಕೋರಿನ ಪಟ್ಟಿ ಜಾರಿಕೊಂಡು ಬರುತ್ತದೆ. ಸಿನಿಮಾ ಶುರುವಾಗುವ ಮೊದಲು ಅಕ್ಷರಗಳು ಕುಣಿಯುತ್ತವೆ. ನೋಡುತ್ತೇವೆ, ಒಂದು ಬೆಂಕಿ ಇಮೋಜಿ ಒತ್ತುತ್ತೇವೆ, ಮುಂದೆ ಹೋಗುತ್ತೇವೆ.

ಈ ಪಾಠಕ್ಕೆ ಕಾರಣ ನಮ್ಮ ಸಂಘದ ಒಬ್ಬ ಜೂನಿಯರ್. ಜಾಲ್ಸೂರಿನ ಹುಡುಗ. ತನ್ನೂರಿನ ಕ್ರಾಸಿನ ಬಗ್ಗೆ 40 ಸೆಕೆಂಡಿನ ಅನಿಮೇಷನ್ ಮಾಡಿ ಗ್ರೂಪಿಗೆ ಹಾಕಿದ. ‘ಸೂಪರ್’, ‘ಬೆಂಕಿ ಮಗಾ’, ಚಪ್ಪಾಳೆಯ ಸಾಲು. ರಾತ್ರಿ ಅವನೇ ಕೇಳಿದ: ‘ಥ್ಯಾಂಕ್ಸ್ ಅಣ್ಣ. ಆದ್ರೆ ಯಾವುದು ಸರಿ ಆಗಿದೆ, ಎಲ್ಲಿ ಸರಿ ಆಗ್ಲಿಲ್ಲ ಅಂತ ಯಾರಾದ್ರೂ ಹೇಳ್ತೀರಾ? ಇನ್ನೊಂದು ಮಾಡುದಾ ಬೇಡ್ವಾ ಅಂತ ಗೊತ್ತಾಗುದಿಲ್ಲ ನಂಗೆ.’

ನ್ಯಾಯವಾದ ಪ್ರಶ್ನೆ. ‘ಸೂಪರ್’ ಎಂಬ ಒಂದೇ ಮಾತಿನಿಂದ ಯಾರೂ ಮುಂದಿನದನ್ನು ಇನ್ನೂ ಚೆನ್ನಾಗಿ ಮಾಡಲು ಕಲಿಯುವುದಿಲ್ಲ. ಬೈದರೂ ಒಂದು ದಾರಿ ಸಿಕ್ಕೀತು. ಕಾರಣವಿಲ್ಲದ ಹೊಗಳಿಕೆಯಿಂದ ಅದೂ ಸಿಗುವುದಿಲ್ಲ. ಒಂದು ಸರ್ಕ್ಯೂಟ್ ಕೆಲಸ ಮಾಡಿದರೆ ಏಕೆ ಮಾಡಿತು ಎಂದು ಹೇಳಬಲ್ಲವರು ನಾವು. ಒಂದು ಅನಿಮೇಷನ್ ಮನಸ್ಸಿಗೆ ತಾಗಿದರೆ ಏಕೆ ತಾಗಿತು ಎಂದು ಹೇಳುವುದನ್ನೂ ಕಲಿಯಬಹುದು. ಹೇಗೆ ಅಂತ ನೋಡೋಣ.

ಕ್ಯಾಮೆರಾಕ್ಕೆ ಪುಕ್ಕಟೆ ಸಿಗುವುದು

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಪುತ್ತೂರು ದಾಟಿ ಸುಳ್ಯ ಮುಟ್ಟುವ ಮೊದಲು ಸಿಗುವ ಊರು ಜಾಲ್ಸೂರು. ಅಲ್ಲಿಂದ ಒಂದು ರಸ್ತೆ ಆದೂರು, ಮುಳ್ಳೇರಿಯಾ, ಚೆರ್ಕಳದ ಮೇಲೆ ಕಾಸರಗೋಡಿಗೆ ಹೋಗುತ್ತದೆ. ಆ ಕ್ರಾಸಿನಲ್ಲಿ ನಿಂತು ಫೋನಿನಲ್ಲಿ ಹತ್ತು ಸೆಕೆಂಡು ಬಸ್ಸಿನ ವಿಡಿಯೋ ತೆಗೆದಿರಿ ಅಂತ ಇಟ್ಟುಕೊಳ್ಳಿ. ನಿಮಗೆ ಬೇಕಿದ್ದದ್ದು ಬಸ್ಸು ಮಾತ್ರ. ಆದರೆ ವಿಡಿಯೋದಲ್ಲಿ ಇನ್ನೂ ಏನೇನೋ ಬಂದಿರುತ್ತದೆ: ಹಿಂದಿನ ತೋಟದಲ್ಲಿ ಓಲಾಡುವ ಅಡಿಕೆ ಮರದ ತುದಿ, ಅಂಗಡಿಯ ಮುಂದೆ ನೇತುಹಾಕಿದ ಬಾಳೆಗೊನೆ, ಕೊಡೆ ಮಡಚುವ ಯಾರೋ ಒಬ್ಬರು, ಹೊಂಡದ ನೀರಿನಲ್ಲಿ ನಡುಗುವ ಬೆಳಕು. ಇದೆಲ್ಲ ಕ್ಯಾಮೆರಾಕ್ಕೆ ಪುಕ್ಕಟೆ.

ಅನಿಮೇಷನ್‌ನಲ್ಲಿ ಪುಕ್ಕಟೆ ಅಂತ ಏನೂ ಇಲ್ಲ. ಮರ ಓಲಾಡಬೇಕಿದ್ದರೆ ಯಾರೋ ಒಬ್ಬರು ಅದನ್ನು ಓಲಾಡಿಸಬೇಕು. ಎಷ್ಟು ಓಲಾಡಬೇಕು, ಯಾವಾಗ ನಿಲ್ಲಬೇಕು ಅಂತ ತೀರ್ಮಾನಿಸಬೇಕು. ಕೊಡೆ ಮಡಚುವವರು ಬೇಡ ಅನಿಸಿದರೆ ಅವರು ಆ ಲೋಕದಲ್ಲಿ ಹುಟ್ಟುವುದೇ ಇಲ್ಲ. ಎಲೆ ಕೂಡ ತಾನಾಗಿ ಅಲ್ಲಾಡುವುದಿಲ್ಲ.

ಲೆಕ್ಕ ನೋಡಿ. ಸಿನಿಮಾದ ವಾಡಿಕೆಯಂತೆ ಒಂದು ಸೆಕೆಂಡಿಗೆ 24 ಫ್ರೇಮು. ಕೈಯಲ್ಲಿ ಬಿಡಿಸುವವರು ಹೆಚ್ಚಾಗಿ ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಬಳಸುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಹಾಗೆ ಹಿಡಿದರೂ 40 ಸೆಕೆಂಡಿಗೆ 480 ಚಿತ್ರ, ಮೂರು ನಿಮಿಷಕ್ಕೆ 2160 ಚಿತ್ರ. ಕಂಪ್ಯೂಟರು ನಡುವಿನ ಚಿತ್ರಗಳನ್ನು ತಾನೇ ತುಂಬಿಕೊಟ್ಟರೂ ಎಲ್ಲಿಂದ ಎಲ್ಲಿಗೆ, ಯಾವ ವೇಗದಲ್ಲಿ ಅಂತ ಹೇಳುವವರು ಮನುಷ್ಯರೇ.

ಹಾಗಾಗಿ ಇಡೀ ಪಾಠದ ತಿರುಳು ಒಂದೇ ಸಾಲು: ಅನಿಮೇಷನ್ ಮೆಚ್ಚುವುದೆಂದರೆ ಅದರಲ್ಲಿರುವ ಆಯ್ಕೆಗಳನ್ನು ಗುರುತಿಸುವುದು. ‘ಇದು ಯಾಕೆ ಹೀಗೆ, ಬೇರೆ ಹೇಗೂ ಯಾಕೆ ಇಲ್ಲ?’ ಅಂತ ಕೇಳುವುದು. ಈ ಪ್ರಶ್ನೆ ಕೇಳಲು ಕಲಿತರೆ ಎರಡು ನಿಮಿಷದ ಚಿತ್ರದಲ್ಲೂ ಒಂದು ಗಂಟೆ ಮಾತಾಡುವಷ್ಟು ಸಿಗುತ್ತದೆ.

ಅಡಿಕೆ ಬೀಳುವ ಲೆಕ್ಕ

ಮೊದಲು ಗುರುತಿಸಬೇಕಾದದ್ದು ತೂಕ. ಪರದೆಯ ಮೇಲಿನ ವಸ್ತುವಿಗೆ ನಿಜವಾದ ತೂಕ ಇಲ್ಲ. ಇದೆ ಅಂತ ನಮಗೆ ಅನಿಸುವುದು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಅದು ಎಷ್ಟು ದೂರ ಸರಿಯಿತು ಎಂಬುದರಿಂದ.

ಹತ್ತು ಮೀಟರು ಎತ್ತರದಿಂದ ಒಂದು ಹಣ್ಣಡಿಕೆ ಬಿದ್ದಿತು ಅನ್ನಿ. ಗಾಳಿಯ ತಡೆ ಬಿಟ್ಟರೆ ನೆಲ ಮುಟ್ಟಲು ಸುಮಾರು 1.43 ಸೆಕೆಂಡು ಬೇಕು, ಅಂದರೆ 34 ಫ್ರೇಮು, 17 ಚಿತ್ರ. ಈ 17 ಚಿತ್ರಗಳಲ್ಲಿ ಅಡಿಕೆಯನ್ನು ಸಮ ಅಂತರದಲ್ಲಿ ಇಟ್ಟರೆ ಏನಾಗುತ್ತದೆ? ಯಾರೋ ದಾರ ಕಟ್ಟಿ ಇಳಿಸಿದ ಹಾಗೆ ಕಾಣುತ್ತದೆ. ಪಿಯುಸಿಯಲ್ಲಿ ಓದಿದ್ದು ನೆನಪಿದೆಯಾ? ಬೀಳುವ ವಸ್ತು ಸಮಾನ ಕಾಲಾಂತರಗಳಲ್ಲಿ ಕ್ರಮಿಸುವ ದೂರ 1, 3, 5, 7 ಹೀಗೆ ಬೆಸ ಸಂಖ್ಯೆಗಳ ಅನುಪಾತದಲ್ಲಿ ಬೆಳೆಯುತ್ತದೆ ಅಂತ ಗೆಲಿಲಿಯೋ ತೋರಿಸಿದ. ಆ ಲೆಕ್ಕದಲ್ಲಿ ನಮ್ಮ ಅಡಿಕೆ ಮೊದಲ ಚಿತ್ರದ ಹೊತ್ತಿಗೆ ಬರೀ ಮೂರೂವರೆ ಸೆಂಟಿಮೀಟರು ಇಳಿದಿರುತ್ತದೆ. ಕೊನೆಯ ಚಿತ್ರದ ಹೊತ್ತಿಗೆ ಒಂದೇ ನೆಗೆತಕ್ಕೆ ಒಂದು ಮೀಟರಿಗಿಂತ ಹೆಚ್ಚು. 33 ಪಟ್ಟು ವ್ಯತ್ಯಾಸ! ಹಾಗೆ ಬಿಡಿಸಿದರೆ ಮಾತ್ರ ನೋಡುವವರ ಕಿವಿಗೆ, ಶಬ್ದ ಹಾಕದೆಯೂ, ‘ಟಪ್’ ಅಂತ ಕೇಳುತ್ತದೆ.

ಅದೇ ಮರದಿಂದ ಒಣಗಿದ ಸೋಗೆ ಬಿದ್ದರೆ ಲೆಕ್ಕ ಬೇರೆ. ಅದು ಗಾಳಿಗೆ ಆಡಿಕೊಂಡು, ಮಗುಚಿಕೊಂಡು ಬೀಳುತ್ತದೆ. ಎರಡಕ್ಕೂ ಒಂದೇ ವೇಗದ ಗೆರೆ ಹಾಕಿದ ಅನಿಮೇಷನ್ ನೋಡಿದರೆ ‘ಏನೋ ಸರಿ ಇಲ್ಲ’ ಅಂತ ನಮಗೆ ಅನಿಸುತ್ತದಲ್ಲ, ಆ ‘ಏನೋ’ ಇದೇ. ಚಿತ್ರಗಳ ನಡುವಿನ ಅಂತರ.

ಸಾಫ್ಟ್‌ವೇರ್‌ನಲ್ಲಿ ಈ ಅಂತರವನ್ನು ಒಂದು ವಕ್ರರೇಖೆಯಿಂದ ಹೊಂದಿಸುತ್ತಾರೆ. ಅದರ ಹೆಸರು ಬೆಝಿಯೇ ರೇಖೆ. ಪಿಯರ್ ಬೆಝಿಯೇ ಚಿತ್ರಕಲಾವಿದ ಅಲ್ಲ, ರೆನೋ ಕಾರು ಕಂಪನಿಯ ಎಂಜಿನಿಯರ್. 1960ರ ದಶಕದಲ್ಲಿ ಕಾರಿನ ಮೈಯ ಬಾಗುಗಳನ್ನು ಕಂಪ್ಯೂಟರಿಗೆ ಹೇಳಲು ಬಳಸಿದ ಗಣಿತ ಇಂದು ನಿಮ್ಮ ಫೋನಿನ ಟಿಕ್ ಗುರುತು ಎಷ್ಟು ಮೃದುವಾಗಿ ನಿಲ್ಲಬೇಕು ಎಂಬುದನ್ನೂ ಹೇಳುತ್ತಿದೆ. ಗ್ರಾಫಿಕ್ಸ್ ಅಂದರೆ ಆರ್ಟ್ಸಿನವರ ಕೆಲಸ ಅನ್ನುವ ಗೆಳೆಯರಿಗೆ ಇದನ್ನು ಹೇಳಿ.

ಮುಖವೇ ಇಲ್ಲದ ದೀಪ

ತೂಕ ಬಂದ ಮೇಲೆ ಜೀವ. ಇದಕ್ಕೆ ನೋಡಲೇಬೇಕಾದ ಚಿತ್ರ ಪಿಕ್ಸಾರ್‌ನ ‘ಲಕ್ಸೋ ಜೂನಿಯರ್’, 1986ರದ್ದು. ನಿರ್ದೇಶಕ ಜಾನ್ ಲ್ಯಾಸೆಟರ್. ಎರಡೇ ನಿಮಿಷದ ಚಿತ್ರ. ಮೇಜಿನ ಮೇಲಿಡುವ ಎರಡು ದೀಪಗಳು, ಒಂದು ಚೆಂಡು, ಹಿಂದೆ ಬರೀ ಕತ್ತಲೆ. ಕಣ್ಣಿಲ್ಲ, ಬಾಯಿಲ್ಲ, ಮಾತಿಲ್ಲ. ಆದರೂ ಒಂದು ದೀಪ ದೊಡ್ಡವರು, ಇನ್ನೊಂದು ಮಗು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಅದು ಹೇಗೆ? ದೊಡ್ಡ ದೀಪವನ್ನು ಹಾಗೇ ಚಿಕ್ಕದು ಮಾಡಿದ್ದರೆ ಅದು ಚಿಕ್ಕ ದೀಪ ಆಗುತ್ತಿತ್ತು, ಮಗು ಆಗುತ್ತಿರಲಿಲ್ಲ. ಲ್ಯಾಸೆಟರ್ ತೋಳಿನ ಸರಳುಗಳನ್ನು ಗಿಡ್ಡ ಮಾಡಿದರು, ದಪ್ಪ ಹಾಗೇ ಉಳಿಸಿದರು. ಬಲ್ಬಿನ ಗಾತ್ರವನ್ನೂ ಬದಲಿಸಲಿಲ್ಲ, ಏಕೆಂದರೆ ಬಲ್ಬು ಅಂಗಡಿಯಿಂದ ತರುವ ಸಾಮಾನು, ಅದು ಬೆಳೆಯುವುದಿಲ್ಲ! ಎಳೆ ಮಕ್ಕಳ ಮೈ ಕೂಡ ಹೀಗೇ ಅಲ್ವಾ, ದೊಡ್ಡವರ ಅಳತೆ ಇಳಿಸಿದ ಹಾಗೆ ಇರುವುದಿಲ್ಲ. ಇನ್ನೊಂದು ತೊಡಕು: ದೀಪ ಲೋಹದ್ದು, ರಬ್ಬರಿನ ಹಾಗೆ ಚಪ್ಪಟೆಯಾಗಲಾರದು. ಹಾಗಿದ್ದರೆ ಜಿಗಿಯುವಾಗ ಮೈ ಕುಗ್ಗಿ ಹಿಗ್ಗುವುದನ್ನು ತೋರಿಸುವುದು ಹೇಗೆ? ಕೀಲುಗಳನ್ನು ಮಡಚಿ, ಬಿಚ್ಚಿ. ಲೋಹದ ಗುಣವೂ ಉಳಿಯಿತು, ಮಗುವಿನ ಹುರುಪೂ ಬಂತು. 1987ರಲ್ಲಿ ಲ್ಯಾಸೆಟರ್ ಇದನ್ನೆಲ್ಲ ಸಿಗ್ರಾಫ್ ಸಮ್ಮೇಳನದಲ್ಲಿ ಪ್ರಬಂಧವಾಗಿ ಬರೆದರು. ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಇಬ್ಬರಿಗೂ ಓದಲು ಸುಲಭ.

ಚಿತ್ರ ನೋಡುವಾಗ ಒಂದು ಕೆಲಸ ಮಾಡಿ. ಚೆಂಡಿನ ಗಾಳಿ ಹೋದ ಮೇಲೆ ಮರಿ ದೀಪ ಏನು ಮಾಡುತ್ತದೆ ಅಂತ ಗಮನಿಸಿ. ತಲೆ ಬಾಗುವ ವೇಗ ಅದು ಕುಣಿಯುತ್ತಿದ್ದ ವೇಗಕ್ಕಿಂತ ಎಷ್ಟು ಕಡಿಮೆ? ಬೇಸರ ಎಂಬ ಪದ ಎಲ್ಲೂ ಇಲ್ಲ. ಬೇಸರ ಇರುವುದು ಆ ವೇಗದಲ್ಲಿ.

ಆಟ ನೋಡುವವರಿಗೆ ಗೊತ್ತಿದ್ದ ಪಾಠ

ಡಿಸ್ನಿಯ ಇಬ್ಬರು ಹಿರಿಯ ಅನಿಮೇಟರ್‌ಗಳು, ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್, 1981ರಲ್ಲಿ ಒಂದು ಪುಸ್ತಕ ಬರೆದು ಅನಿಮೇಷನ್ನಿನ 12 ಸೂತ್ರಗಳನ್ನು ಪಟ್ಟಿ ಮಾಡಿದರು. ಜಗತ್ತಿನ ಅನೇಕ ಅನಿಮೇಷನ್ ತರಗತಿಗಳಲ್ಲಿ ಇವತ್ತಿಗೂ ಅದೇ ಅಡಿಪಾಯ. ಆದರೆ ನಮ್ಮ ಕಡೆಯವರಿಗೆ ಅದರಲ್ಲಿ ಕೆಲವು ಹೊಸದೇನೂ ಅಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಿಗ್ಗೆ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ವೇಷದವರ ಕುಣಿತವನ್ನು ಬಿಡಿಸಿ ಬಿಡಿಸಿ ಮಾತಾಡುವ ಹಿರಿಯರನ್ನು ಕೇಳಿ ನೋಡಿ.

ತೆಂಕುತಿಟ್ಟಿನ ವೇಷಧಾರಿ ಧೀಂಗಿಣ ಹಾರುವ ಮುನ್ನ ಮೈ ತಗ್ಗಿಸುತ್ತಾನೆ. ಆ ತಗ್ಗು ಇಲ್ಲದಿದ್ದರೆ ಹಾರಾಟಕ್ಕೆ ಕಸುವಿಲ್ಲ. 12 ಸೂತ್ರಗಳಲ್ಲಿ ಇದು ಒಂದು: ಮುಖ್ಯ ಚಲನೆಗೆ ಮೊದಲು ಅದರ ಎದುರು ದಿಕ್ಕಿನ ಸಣ್ಣ ಸಿದ್ಧತೆ. ಸುತ್ತು ನಿಲ್ಲಿಸಿದ ಮೇಲೂ ಮೈಮೇಲಿನ ಬಟ್ಟೆ ಒಂದು ಕ್ಷಣ ಸುತ್ತುತ್ತಲೇ ಇರುತ್ತದೆ. ಇದೂ ಒಂದು ಸೂತ್ರ: ಎಲ್ಲ ಭಾಗಗಳೂ ಒಟ್ಟಿಗೆ ನಿಲ್ಲುವುದಿಲ್ಲ. ಬಣ್ಣದ ವೇಷ ಬರುವಾಗ ಹಿಡಿದ ತೆರೆಯ ಮೇಲಿಂದ ಮೊದಲು ಕಿರೀಟ ಮಾತ್ರ ಕಾಣುತ್ತದೆ, ಚೆಂಡೆ ಏರುತ್ತದೆ, ಮುಖ ಕಾಣಲು ನಾವು ಕಾಯಬೇಕು. ಎಲ್ಲಿ ನೋಡಬೇಕು, ಯಾವಾಗ ನೋಡಬೇಕು ಅಂತ ಪ್ರೇಕ್ಷಕರ ಕಣ್ಣನ್ನು ನಡೆಸುವುದು ಮೂರನೇ ಸೂತ್ರ.

ಜಾಲ್ಸೂರಿನಿಂದ ಹೊರಡುವ ಆ ರಸ್ತೆಯ ಇನ್ನೊಂದು ತುದಿ ಕಾಸರಗೋಡು ಅಂದೆವಲ್ಲ, ಅಲ್ಲಿ ಇದಕ್ಕೆ ಇನ್ನೂ ಹತ್ತಿರದ ಉದಾಹರಣೆ ಇದೆ. ಕೆ.ವಿ. ರಮೇಶ್ ನೇತೃತ್ವದ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದವರು ತೆಂಕುತಿಟ್ಟಿನ ಯಕ್ಷಗಾನವನ್ನು ಸೂತ್ರದ ಗೊಂಬೆಗಳಲ್ಲಿ ಆಡಿಸುತ್ತಾರೆ. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನದವರು ಬಡಗುತಿಟ್ಟಿನಲ್ಲಿ ಇದೇ ಕೆಲಸ ಮಾಡಿಕೊಂಡು ಬಂದಿದ್ದಾರೆ. ಗೊಂಬೆಗೆ ತನ್ನದೇ ಆದ ಸ್ನಾಯು ಇಲ್ಲ. ದಾರ ಸ್ವಲ್ಪ ಸಡಿಲವಾದರೆ ಕುಸಿಯುತ್ತದೆ, ಬಿಗಿಯಾದರೆ ನೆಲ ಬಿಟ್ಟು ತೇಲುತ್ತದೆ. ಚೆಂಡೆಯ ಪೆಟ್ಟಿಗೂ ಕಾಲು ನೆಲ ಮುಟ್ಟುವುದಕ್ಕೂ ತಾಳೆಯಾದಾಗ ಮಾತ್ರ ನಮಗೆ ಗೊಂಬೆ ಮರೆತು ಪಾತ್ರ ಕಾಣುತ್ತದೆ. ಅಡಿಕೆಯ ‘ಟಪ್’ ಅಂದೆವಲ್ಲ, ಇಲ್ಲಿ ಅದು ಕೈಯಿಂದಲೇ, ಎಲ್ಲರ ಎದುರಿಗೇ ನಡೆಯುತ್ತದೆ. ತಪ್ಪಿದರೆ ಅಳಿಸಿ ಮತ್ತೆ ಬಿಡಿಸುವ ಅವಕಾಶವೂ ಇಲ್ಲ.

ಉತ್ತರ ಕರ್ನಾಟಕದ ತೊಗಲು ಗೊಂಬೆಯಾಟವಂತೂ ಬೆಳಕು ಮತ್ತು ಪರದೆಯ ಕಲೆಯೇ. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಬಂದದ್ದು ಪೇಪರಿನಲ್ಲಿ ಓದಿದ್ದೀರಿ. ಈಗ ಜರ್ಮನಿಗೆ ಹೋಗಿ. ಲೋಟೆ ರೈನಿಗರ್ ಎಂಬಾಕೆ ಕಪ್ಪು ಕಾಗದ ಕತ್ತರಿಸಿ, ಕೀಲು ಹಾಕಿ, ಬೆಳಕಿನ ಮೇಲಿಟ್ಟು ಒಂದೊಂದೇ ಫ್ರೇಮು ಚಿತ್ರಿಸಿ 1926ರಲ್ಲಿ ಒಂದು ಪೂರ್ಣಪ್ರಮಾಣದ ಚಿತ್ರವನ್ನೇ ತಂದರು: ‘ರಾಜಕುಮಾರ ಅಹ್ಮದನ ಸಾಹಸಗಳು’. ಉಳಿದುಬಂದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಅದರ ಒಂದೆರಡು ನಿಮಿಷ ನೋಡಿ. ತೊಗಲು ಗೊಂಬೆ ನೋಡಿದ ಕಣ್ಣಿಗೆ ಅದು ಪರದೇಶದ್ದು ಅನಿಸುವುದಿಲ್ಲ.

ಅಕ್ಷರಗಳು ಚಲಿಸಿದಾಗ

ಪಾತ್ರ, ಕಥೆ ಇರುವುದನ್ನು ಅನಿಮೇಷನ್ ಅಂತಲೂ, ಅಕ್ಷರ, ಗೆರೆ, ಆಕಾರ, ಅಂಕಿ ಅಂಶಗಳನ್ನು ಚಲಿಸುವಂತೆ ಮಾಡಿ ವಿಷಯ ಹೇಳುವುದನ್ನು ಮೋಷನ್ ಗ್ರಾಫಿಕ್ಸ್ ಅಂತಲೂ ಸಾಮಾನ್ಯವಾಗಿ ಕರೆಯುತ್ತಾರೆ. ಇದರ ಹುಟ್ಟಿನಲ್ಲೂ ಎಂಜಿನಿಯರಿಂಗ್ ಇದೆ. ಹಿಚ್‌ಕಾಕ್‌ನ ‘ವರ್ಟಿಗೋ’ ಚಿತ್ರ ಬಂದದ್ದು 1958ರಲ್ಲಿ. ಅದರ ಶೀರ್ಷಿಕೆ ವಿನ್ಯಾಸ ಸಾಲ್ ಬಾಸ್ ಅವರದು. ಅದರಲ್ಲಿ ತಿರುಗುವ ಸುರುಳಿಗಳನ್ನು ಮಾಡಿಕೊಟ್ಟವರು ಜಾನ್ ವಿಟ್ನಿ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹೊಡೆಯುವ ಫಿರಂಗಿಗೆ ಗುರಿ ಲೆಕ್ಕಹಾಕುತ್ತಿದ್ದ ಯಾಂತ್ರಿಕ ಕಂಪ್ಯೂಟರು ಯುದ್ಧ ಮುಗಿದ ಮೇಲೆ ಗುಜರಿಯಾಗಿತ್ತು. ವಿಟ್ನಿ ಅದನ್ನು ತಂದು ಚಿತ್ರ ಬರೆಯುವ ಯಂತ್ರ ಮಾಡಿಕೊಂಡರು. 1960ರಲ್ಲಿ ಅವರು ಶುರುಮಾಡಿದ ಕಂಪನಿಯ ಹೆಸರೇ ‘ಮೋಷನ್ ಗ್ರಾಫಿಕ್ಸ್’.

ಇನ್ನೊಂದು ಚಿತ್ರವನ್ನು ಎಂಜಿನಿಯರಿಂಗ್ ವಿದ್ಯಾರ್ಥಿ ನೋಡದೆ ಡಿಗ್ರಿ ತೆಗೆದುಕೊಳ್ಳಬಾರದು: ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯ ‘ಪವರ್ಸ್ ಆಫ್ ಟೆನ್’, 1977. ಒಂಬತ್ತು ನಿಮಿಷ. ಶಿಕಾಗೋದ ಕೆರೆ ದಂಡೆಯಲ್ಲಿ ಇಬ್ಬರು ಪಿಕ್ನಿಕ್ ಮಾಡುತ್ತಿದ್ದಾರೆ. ಕ್ಯಾಮೆರಾ ಮೇಲೇರುತ್ತದೆ. ಪ್ರತಿ ಹತ್ತು ಸೆಕೆಂಡಿಗೆ ಹತ್ತು ಪಟ್ಟು ದೂರ. ನಾಲ್ಕು ನಿಮಿಷದಲ್ಲಿ 10ರ 24ನೇ ಘಾತದಷ್ಟು ಮೀಟರು ದೂರ ಹೋಗಿ, ತಿರುಗಿ ಬಂದು, ಮಲಗಿದವನ ಕೈಯ ಚರ್ಮದೊಳಗೆ ಇಳಿದು ಪರಮಾಣುವಿನ ಗರ್ಭಕ್ಕೆ ಹೋಗುತ್ತದೆ. ಇಲ್ಲಿನ ಆಯ್ಕೆ ಗಮನಿಸಿ. ಸೆಕೆಂಡಿಗೆ ಇಷ್ಟು ಕಿಲೋಮೀಟರು ಅಂತ ಸಮವೇಗ ಹಿಡಿದಿದ್ದರೆ ಚಿತ್ರ ಎಂದಿಗೂ ಮುಗಿಯುತ್ತಿರಲಿಲ್ಲ. ಅವರು ಸಮ ಅನುಪಾತ ಹಿಡಿದರು. ಲಾಗ್ ಸ್ಕೇಲ್ ಅಂದರೆ ಏನು ಅಂತ ಬೋರ್ಡಿನ ಮೇಲೆ ಮೂರು ಸಲ ಹೇಳಿಸಿಕೊಂಡರೂ ಆಗದ್ದು ಇಲ್ಲಿ ಮೈಗೆ ಗೊತ್ತಾಗುತ್ತದೆ. ಇದೇ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಇನ್ನು ಕನ್ನಡದ ಮಾತು. ಇಂಗ್ಲಿಷ್ ಪದವನ್ನು ಒಂದೊಂದೇ ಅಕ್ಷರವಾಗಿ ಹಾರಿಸುವ ಟೆಂಪ್ಲೇಟು ಎಲ್ಲೆಲ್ಲೂ ಸಿಗುತ್ತದೆ. ಅದರಲ್ಲಿ ‘ಜಾಲ್ಸೂರು’ ಅಂತ ಬರೆಯಿರಿ, ಏನಾಗುತ್ತದೆ ನೋಡಿ. ನಮ್ಮ ಕಣ್ಣಿಗೆ ಅದು ಜಾ, ಲ್ಸೂ, ರು ಎಂಬ ಮೂರು ಅಕ್ಷರ. ಯೂನಿಕೋಡಿಗೆ ಅದು ಎಂಟು ಸಂಕೇತಗಳು: ಜ, ದೀರ್ಘ, ಲ, ವಿರಾಮ, ಸ, ಊಕಾರ, ರ, ಉಕಾರ. ಸಂಕೇತಕ್ಕೊಂದರಂತೆ ಚಲಿಸುವ ಸಾಫ್ಟ್‌ವೇರ್ ಒತ್ತಕ್ಷರವನ್ನು ಮೂಲದಿಂದ ಕಿತ್ತು ಹಾಕುತ್ತದೆ, ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ. ಕನ್ನಡ ಬಲ್ಲವರು ಪದವನ್ನು ಮೊದಲು ರೂಪರೇಖೆಯಾಗಿ ಬದಲಿಸಿ, ಮೂರು ತುಂಡು ಮಾಡಿ, ಒತ್ತಕ್ಷರ ತನ್ನ ಮೂಲಾಕ್ಷರದ ಜೊತೆಗೇ ಸಾಗುವಂತೆ ನೋಡಿಕೊಳ್ಳುತ್ತಾರೆ. ಕನ್ನಡ ಶೀರ್ಷಿಕೆಯೊಂದು ಚೆನ್ನಾಗಿ ಚಲಿಸಿದರೆ ಅದರ ಹಿಂದೆ ಇಷ್ಟು ಕೆಲಸ ಇದೆ. ಗುರುತಿಸಿ, ಹೇಳಿ.

ಬಣ್ಣ, ಧ್ವನಿ, ಮೌನ

ಚಲನೆಯಷ್ಟೇ ಮುಖ್ಯ ಯಾವುದನ್ನು ಬಿಟ್ಟಿದ್ದಾರೆ ಎಂಬುದು. ಗೀತಾಂಜಲಿ ರಾವ್ ಅವರ ‘ಪ್ರಿಂಟೆಡ್ ರೇನ್‌ಬೋ’, 2006ರಲ್ಲಿ ಕಾನ್ ಚಿತ್ರೋತ್ಸವದ ವಿಮರ್ಶಕರ ವಾರದಲ್ಲಿ ತೋರಿಸಿದ ಕಿರುಚಿತ್ರ. ಒಬ್ಬ ಒಂಟಿ ಮುದುಕಿ, ಒಂದು ಬೆಕ್ಕು, ಮುದುಕಿ ಕೂಡಿಟ್ಟ ಬೆಂಕಿಪೊಟ್ಟಣಗಳು. ಆಕೆಯ ನಗರದ ಮನೆ ಬೂದು ಬಣ್ಣದ್ದು. ಬೆಂಕಿಪೊಟ್ಟಣದ ಚಿತ್ರದೊಳಗೆ ಹೊಕ್ಕರೆ ಬಣ್ಣದ ಲೋಕ. ಒಂಟಿತನ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಣ್ಣ ಎಲ್ಲಿ ಇಲ್ಲ ಎಂಬುದೇ ಅದನ್ನು ಹೇಳುತ್ತದೆ.

ನೆರೆಯ ಕೇರಳದ ‘ಕಂಡಿಟ್ಟುಂಡ್’ ನಮಗೆ ಇನ್ನೂ ಹತ್ತಿರ. ಅದಿತಿ ಕೃಷ್ಣದಾಸ್ ನಿರ್ದೇಶಿಸಿ, ಸುರೇಶ್ ಎರಿಯಾಟ್ ಅವರ ಸ್ಟುಡಿಯೋ ಈಕ್ಸಾರಸ್ ತಯಾರಿಸಿದ ಈ ಮಲಯಾಳ ಕಿರುಚಿತ್ರಕ್ಕೆ 2021ರ ಸಾಲಿನ ಅತ್ಯುತ್ತಮ ಅನಿಮೇಷನ್ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಒಬ್ಬ ಹಿರಿಯರು ತಾವು ಕಂಡ, ಕೇಳಿದ ಭೂತ ಪ್ರೇತಗಳ ಕಥೆ ಹೇಳುತ್ತಾರೆ. ಕಪ್ಪು ಬಿಳುಪಿನ ಗೆರೆಗಳು ಆ ಮಾತಿನ ಹಿಂದೆ ಓಡುತ್ತವೆ. ಮಲಯಾಳ ಅರ್ಥವಾಗದಿದ್ದರೂ ಪರವಾಗಿಲ್ಲ. ಆ ಧ್ವನಿ ನಮ್ಮ ಅಜ್ಜಂದಿರು ಜಗಲಿಯಲ್ಲಿ ಕೂತು ಕಥೆ ಹೇಳಿದ ಧ್ವನಿಯೇ. ಸ್ಟುಡಿಯೋದಲ್ಲಿ ಓದಿಸಿದ ಶುದ್ಧ ವಾಕ್ಯ ಇಟ್ಟಿದ್ದರೆ ಇದು ಸಿಗುತ್ತಿತ್ತಾ? ಸುಳ್ಯ, ಪುತ್ತೂರು, ಕಡಬದ ಮನೆಗಳಲ್ಲಿ ಇಂಥ ಕಥೆ ಎಷ್ಟು ಬೇಕು! ತುಳುವಿನಲ್ಲಿ, ಅರೆಭಾಷೆಯಲ್ಲಿ, ಕನ್ನಡದಲ್ಲಿ. ಹೇಳುವವರಿಗೆ ವಯಸ್ಸಾಗುತ್ತಿದೆ. ಕಡೇಪಕ್ಷ ಫೋನಿನಲ್ಲಿ ಧ್ವನಿಯನ್ನಾದರೂ ಹಿಡಿದಿಡಿ, ಚಿತ್ರ ಆಮೇಲೆ ಬಿಡಿಸಬಹುದು.

ಜಾಲ್ಸೂರಿನ 40 ಸೆಕೆಂಡು

ಈಗ ನಮ್ಮ ಜೂನಿಯರಿನ ಚಿತ್ರಕ್ಕೆ ಬರೋಣ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಮಳೆ. ಕ್ರಾಸಿನಲ್ಲಿ ಒಬ್ಬ ಅಜ್ಜಿ, ಕೈಯಲ್ಲಿ ಕೊಡೆ, ಕಾಲ ಬಳಿ ಚೀಲ. ಸುಳ್ಯದ ಬಸ್ಸು ಬಂದು ನಿಲ್ಲುತ್ತದೆ, ಹೋಗುತ್ತದೆ. ಪುತ್ತೂರಿನದೂ ಹಾಗೇ. ಅಜ್ಜಿ ಹತ್ತುವುದಿಲ್ಲ. ಕೊನೆಗೆ ಕಾಸರಗೋಡಿನ ಬಸ್ಸಿನಿಂದ ಒಂದು ಮಗು ಇಳಿದು ಕೊಡೆಯೊಳಗೆ ಓಡಿ ಬರುತ್ತದೆ. ಅಷ್ಟೇ.

ಸರಿ ಆಗಿರುವುದು ಮೂರು. ಒಂದು, ಮಾತಿಲ್ಲ. ತುಳು, ಕನ್ನಡ, ಅರೆಭಾಷೆ, ಮಲಯಾಳ ಎಲ್ಲ ಕೇಳಿಸುವ ಕ್ರಾಸಿನಲ್ಲಿ ಯಾವ ಭಾಷೆಯನ್ನೂ ಆರಿಸದೆ ಬರೀ ತಗಡಿನ ಮೇಲೆ ಬೀಳುವ ಮಳೆಯ ಶಬ್ದ ಇಟ್ಟದ್ದು ಜಾಣತನ. ಎರಡು, ಎರಡನೇ ಬಸ್ಸು ಹೋದ ಮೇಲೆ ಮೂರು ಸೆಕೆಂಡು ಏನೂ ಚಲಿಸುವುದಿಲ್ಲ. ಕೊಡೆಯ ಅಂಚಿನಲ್ಲಿ ಒಂದು ಹನಿ ತುಂಬಿ ಬೀಳುತ್ತದೆ, ಅಷ್ಟೇ. ಅಜ್ಜಿ ಬಸ್ಸಿಗೆ ಕಾದಿಲ್ಲ, ಬಸ್ಸಿನಲ್ಲಿ ಬರುವವರಿಗೆ ಕಾದಿದ್ದಾರೆ ಅಂತ ನಮಗೆ ಹೊಳೆಯುವುದು ಆ ಮೂರು ಸೆಕೆಂಡಿನಲ್ಲಿ. ಹೊಸಬರಿಗೆ ಚಿತ್ರವನ್ನು ಸುಮ್ಮನೆ ನಿಲ್ಲಿಸಲು ಧೈರ್ಯ ಬರುವುದಿಲ್ಲ, ಇವನಿಗೆ ಬಂದಿದೆ. ಮೂರು, ಬಸ್ಸಿನ ಗಾಜಿನ ಮೇಲೆ ನೀರು ಇಳಿದ ಹಾಗೆ ‘ಜಾಲ್ಸೂರು’ ಎಂಬ ಶೀರ್ಷಿಕೆ ಮೂಡುವಾಗ ‘ಲ್ಸೂ’ ಒಡೆದಿಲ್ಲ.

ಸರಿ ಆಗಬೇಕಾದದ್ದು ಎರಡು. ಬಸ್ಸು ಒಂದೇ ವೇಗದಲ್ಲಿ ಬಂದು ಗಕ್ಕನೆ ನಿಲ್ಲುತ್ತದೆ. ಹತ್ತು ಟನ್ನಿನ ವಸ್ತು ಹಾಗೆ ನಿಲ್ಲುವುದಿಲ್ಲ ಮಾರಾಯ್ರೇ. ಬ್ರೇಕು ಹಾಕಿದಾಗ ಮುಂಭಾಗ ತಗ್ಗಬೇಕು, ನಿಂತ ಮೇಲೆ ಒಮ್ಮೆ ಹಿಂದಕ್ಕೆ ಬಂದು ಸುಧಾರಿಸಬೇಕು. ಸಸ್ಪೆನ್ಷನ್ನಿನ ಸ್ಪ್ರಿಂಗು, ಡ್ಯಾಂಪರು ನಮಗೆ ಗೊತ್ತಿರುವುದೇ. ಐದಾರು ಚಿತ್ರ ಹೆಚ್ಚಿಗೆ ಬಿಡಿಸಿದರೆ ಸಾಕು. ಇನ್ನೊಂದು, ಮಗು ಓಡಿಬಂದಾಗ ಅಜ್ಜಿಯೂ ಕೊಡೆಯೂ ಒಟ್ಟಿಗೆ ಬಾಗುತ್ತವೆ. ಕೊಡೆ ಮೊದಲು ಮಗುವಿನ ಕಡೆ ವಾಲಿ, ಅಜ್ಜಿ ಆಮೇಲೆ ಬಾಗಿದರೆ? ಅಜ್ಜಿಯ ಬೆನ್ನು ನೆನೆಯುತ್ತದೆ. ಆಗ ಪ್ರೀತಿ ಕಾಣುತ್ತದೆ.

ಇಷ್ಟನ್ನು ಹೇಳಿದ ಮೇಲೆ ಅವನು ಎರಡನೇ ಆವೃತ್ತಿಗೆ ಕೂತಿದ್ದಾನೆ.

ಮೂರು ಸಲ ನೋಡಿ

ನೋಡುವ ಕ್ರಮ ಸುಲಭ. ಮೊದಲ ಸಲ ಸುಮ್ಮನೆ ನೋಡಿ, ಮನಸ್ಸಿಗೆ ತಾಗಿದ ಜಾಗದ ಸಮಯ ಮಾತ್ರ ಬರೆದುಕೊಳ್ಳಿ. ಎರಡನೇ ಸಲ ಶಬ್ದ ಬಂದ್ ಮಾಡಿ ನೋಡಿ. ಆಗಲೂ ತಾಗಿದರೆ ಅದು ಚಲನೆಯ ಕೆಲಸ, ತಾಗದಿದ್ದರೆ ಧ್ವನಿಯ ಕೆಲಸ. ಮೂರನೇ ಸಲ ಆ ಜಾಗದಲ್ಲಿ ನಿಲ್ಲಿಸಿ ಫ್ರೇಮು ಫ್ರೇಮಾಗಿ ಮುಂದೆ ಸರಿಸಿ. ವಿಎಲ್‌ಸಿ ಪ್ಲೇಯರಿನಲ್ಲಿ ಅದಕ್ಕೊಂದು ಕೀ ಇದೆ. ಅಂತರ ಎಲ್ಲಿ ಹೆಚ್ಚಿತು, ಎಲ್ಲಿ ಕಡಿಮೆಯಾಯಿತು ಎಣಿಸಿ. ಕೊನೆಯಲ್ಲಿ ಬರುವ ಹೆಸರುಗಳನ್ನೂ ಓದಿ, ಆಯ್ಕೆ ಮಾಡಿದವರು ಅವರೇ ತಾನೇ.

ಒಳಗೆ ಹೊಕ್ಕು ನೋಡಬೇಕಿದ್ದರೆ ಬ್ಲೆಂಡರ್ ಸಂಸ್ಥೆಯ ‘ಬಿಗ್ ಬಕ್ ಬನ್ನಿ’, 2008ರದ್ದು, ತೆಗೆದುಕೊಳ್ಳಿ. ಚಿತ್ರದ ಮೂಲ ಫೈಲುಗಳನ್ನೂ ಮುಕ್ತ ಪರವಾನಗಿಯಲ್ಲಿ ಕೊಟ್ಟಿದ್ದಾರೆ. ಮೊಲದ ಕಿವಿಯ ವಕ್ರರೇಖೆ ಬದಲಿಸಿ ಏನಾಗುತ್ತದೆ ನೋಡಬಹುದು. ಅದೇ ಉಚಿತ ಬ್ಲೆಂಡರಿನಲ್ಲಿ ಒಂದು ಸಣ್ಣ ತಂಡ ಮಾಡಿದ, ಮಾತೇ ಇಲ್ಲದ ‘ಫ್ಲೋ’ ಚಿತ್ರ 2025ರಲ್ಲಿ ಆಸ್ಕರ್ ಗೆದ್ದಿತು. ಕೋಡ್ ಬರೆಯುವವರಿಗೆ ಗ್ರಾಂಟ್ ಸ್ಯಾಂಡರ್ಸನ್ ಗಣಿತದ ವಿಡಿಯೋಗಳಿಗಾಗಿ ಶುರುಮಾಡಿದ ಮ್ಯಾನಿಮ್ ಇದೆ, ಪೈಥಾನ್ ಗೊತ್ತಿದ್ದರೆ ಸಾಕು.

‘ಈಗ ಒಂದು ಸಾಲು ಟೈಪ್ ಮಾಡಿದರೆ ಎಐ ವಿಡಿಯೋ ಮಾಡಿಕೊಡುತ್ತದಲ್ಲ, ಇದೆಲ್ಲ ಯಾಕೆ?’ ಅಂತ ಕೆಲವರು ಕೇಳುತ್ತಾರೆ. ಕೊಡುತ್ತದೆ, ಒಂದಲ್ಲ ಹತ್ತು ಕೊಡುತ್ತದೆ. ಹತ್ತರಲ್ಲಿ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು? ಕೊಡೆ ಮೊದಲು ವಾಲಬೇಕು ಅಂತ ಹೇಳುವವರು ಯಾರು? ಕೈಯ ಕೆಲಸ ಕಡಿಮೆಯಾದಷ್ಟೂ ಕಣ್ಣಿನ ಕೆಲಸ ಹೆಚ್ಚು. ಕರ್ನಾಟಕ ಸರ್ಕಾರ ಅನಿಮೇಷನ್ ಕ್ಷೇತ್ರಕ್ಕೆಂದೇ 2012ರಲ್ಲಿ ಒಂದು ನೀತಿ ತಂದಿತು, ಬೆಂಗಳೂರಿನ ಸ್ಟುಡಿಯೋಗಳಲ್ಲಿ ಪರದೇಶದ ಸಿನಿಮಾಗಳ ಕೆಲಸ ನಡೆದಿದೆ. ಕೈಗಳು ನಮ್ಮಲ್ಲಿ ಇವೆ. ನಮ್ಮ ಮಳೆ, ನಮ್ಮ ಭೂತ, ನಮ್ಮ ಕ್ರಾಸು ಪರದೆಗೆ ಬರಬೇಕಿದ್ದರೆ ಅದನ್ನು ನೋಡಿ ಕಾರಣ ಸಹಿತ ‘ಇದು ಚೆನ್ನಾಗಿದೆ’ ಅನ್ನುವ ನೋಡುಗರೂ ಬೇಕು.

ಅಭ್ಯಾಸ: ಈ ವಾರ ‘ಲಕ್ಸೋ ಜೂನಿಯರ್’, ‘ಪವರ್ಸ್ ಆಫ್ ಟೆನ್’, ‘ಕಂಡಿಟ್ಟುಂಡ್’ ಈ ಮೂರರಲ್ಲಿ ಒಂದನ್ನು ಆರಿಸಿ. ಒಂದೇ ಒಂದು ಆಯ್ಕೆಯನ್ನು ಗುರುತಿಸಿ, ಅದು ಬೇರೆ ಥರ ಇದ್ದಿದ್ದರೆ ಏನಾಗುತ್ತಿತ್ತು ಅಂತ ಐದು ಸಾಲು ಬರೆದು ಸಂಘಕ್ಕೆ ಕಳಿಸಿ. ‘ಸೂಪರ್’ ಎಂಬ ಪದ ಬಳಸುವಂತಿಲ್ಲ.